ನನ್ನ ಮೂರು ತಂತಿಸುರುಳಿಗಳು

ಕ್ರಿ.ಶ. ೨೪೧೭
ಕೋಲಾರದ ಹಳೆಯ ಚಿನ್ನದ ಗಣಿಯೊಳಗಿಂದ

ಬಿಸಿಲು ಕಂಡವರಿಗೆ,

ಮರಕತ ಎಂಬ ಹೆಂಗಸು ಬರೆಯುತ್ತಿದ್ದೇನೆ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾದರೆ ಮನ್ನಿಸಿ. ಏಳು ತಲೆಮಾರು ಕಲ್ಲಿನೊಳಗೇ ಇದ್ದ ಮಾತು ಇದು.

ಮೇಲೆ ಬಿಸಿ ತಡೆಯಲಾರದಷ್ಟಾದಾಗ ನಮ್ಮ ಹಿರಿಯರು ಇಲ್ಲಿಗಿಳಿದು ಬಾಗಿಲು ಹಾಕಿಕೊಂಡರು. ಹೊರಗೆ ಒಂದು ಪ್ಲಾಟಿನಂ ತಂತಿ ಬಿಟ್ಟುಬಂದರು. ಅದನ್ನು ಮೇಲ್ತಂತಿ ಎನ್ನುತ್ತೇವೆ. ಬಿಸಿ ಹೆಚ್ಚಿದಂತೆ ಅದರ ವಿದ್ಯುತ್ ರೋಧವೂ ಹೆಚ್ಚುತ್ತದೆ. ಆ ರೋಧವನ್ನು ಅಳತೆಮನೆಯ ತಾಯಿರೋಧಕ್ಕೆ, ಅಂದರೆ ಎಂದೂ ಬದಲಾಗಬಾರದ ಒಂದು ತಂತಿಸುರುಳಿಗೆ, ಹೋಲಿಸಿ ಹೊರಗಿನ ಬಿಸಿ ಎಷ್ಟೆಂದು ಹೇಳುತ್ತಾರೆ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಒಂದೇ ಉತ್ತರ: ಇನ್ನೂ ಆರಿಲ್ಲ. ಹಾಗಾಗಿ ಇಲ್ಲೇ ಅಣಬೆ ಬೆಳೆದು ತಿನ್ನುತ್ತೇವೆ, ಗೋಡೆಯಲ್ಲಿ ಜಿನುಗುವ ನೀರು ಸೋಸಿ ಕುಡಿಯುತ್ತೇವೆ, ಮದುವೆಯಾದವರಿಗೆ ಚಾಪೆ ಹಾಸುವಷ್ಟು ಜಾಗ ಕೊರೆದು ಕೊಡುತ್ತೇವೆ. ಗಾಳಿ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆ. ನನ್ನ ಗಂಡ ದೇವಸಹಾಯ ಕೆಮ್ಮಿದರೆ ಈಗ ರಕ್ತ ಬರುತ್ತದೆ.

ನಾನು ಮನೆಯಲ್ಲೇ ಮೀಟರು ರಿಪೇರಿ ಮಾಡುತ್ತೇನೆ. ರಿಪೇರಿಯಾದದ್ದು ಸರಿ ತೋರಿಸುತ್ತದೆಯೇ ಎಂದು ನೋಡಲು ಪ್ರತಿ ಸಲವೂ ಅಳತೆಮನೆಗೆ ಓಡುವುದು ಬೇಡವೆಂದು ಒಲೆಯ ಪಕ್ಕದ ಹಲಗೆಯ ಮೇಲೆ ನನ್ನದೇ ಒಂದು ರೋಧ ಇಟ್ಟುಕೊಳ್ಳಲು ಹೊರಟೆ. ತಾಮ್ರ, ಮ್ಯಾಂಗನೀಸ್, ನಿಕ್ಕಲ್ ಬೆರೆಸಿದ ತಂತಿ ಬಿಸಿಗೆ ಅಷ್ಟಾಗಿ ಅಲುಗುವುದಿಲ್ಲ. ಅದನ್ನು ಅಭ್ರಕದ ಚೌಕಟ್ಟಿಗೆ ಸಡಿಲವಾಗಿ ಸುತ್ತಿದೆ. ಬಿಗಿದರೆ ತಂತಿ ಒಳಗೊಳಗೇ ಸೆಟೆದುಕೊಂಡು ವರ್ಷಗಟ್ಟಲೆ ಅಳತೆ ಬದಲಿಸುತ್ತದೆ. ಉಳಿದ ಸೆಟೆತವೂ ಇಳಿಯಲೆಂದು ಹದವಾದ ಕಾವಿನಲ್ಲಿಟ್ಟು, ಎಣ್ಣೆ ತುಂಬಿದ ಜಾಡಿಯಲ್ಲಿ ಮುಳುಗಿಸಿ, ತೇವ ಹೊಗದಂತೆ ಮೇಣದಿಂದ ಬಾಯಿ ಮುಚ್ಚಿದೆ. ಒಂದು ಕೆಟ್ಟರೆ ತಿಳಿಯಲೆಂದು ಮೂರು ಮಾಡಿದೆ.

"ಉಪ್ಪಿನಕಾಯಿ ಜಾಡಿಗಿಂತ ಇವೇ ಜಾಸ್ತಿ ಆದ್ವಲ್ಲೇ," ಎಂದು ದೇವಸಹಾಯ ನಕ್ಕ. ನಕ್ಕಿದ್ದಕ್ಕೆ ಬಹಳ ಹೊತ್ತು ಕೆಮ್ಮಿದ.

ಮೂರನ್ನೂ ತಾಯಿರೋಧಕ್ಕೆ ಹೋಲಿಸಿಕೊಂಡು ಬಂದೆ. ಮುಂದಿನ ವರ್ಷ ಮತ್ತೆ ಹೋಲಿಸಿದಾಗ ಮೂರೂ ಒಂದೇ ಸಮ ಹೆಚ್ಚಿದ್ದವು. ನನ್ನ ಕೈಯೇ ಸರಿಯಿಲ್ಲವೆಂದು ಅತ್ತುಬಿಟ್ಟೆ. ಮರುವರ್ಷ ಇನ್ನಷ್ಟು ಹೆಚ್ಚಿದ್ದವು. ಆದರೆ ತಮ್ಮತಮ್ಮಲ್ಲಿ ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ಮೂರು ಬೇರೆಬೇರೆ ಸುರುಳಿಗಳು ಒಂದೇ ಸಮ ಕೆಡಲಾರವು. ಹೆಚ್ಚಿದ್ದು ನನ್ನವಲ್ಲ, ತಾಯಿಯೇ ಕುಗ್ಗುತ್ತಿದ್ದಾಳೆ. ತಾಯಿ ಕುಗ್ಗಿದರೆ ಮೇಲ್ತಂತಿಯ ರೋಧ ದೊಡ್ಡದಾಗಿ ಕಾಣುತ್ತದೆ. ಹೊರಗೆ ಆರಿದ್ದರೂ ನಮಗೆ ಬೆಂಕಿಯೆಂದೇ ತೋರುತ್ತದೆ.

ಅಳತೆಮನೆಯ ಹಿರಿಯರಾದ ಕೋದಂಡಯ್ಯನವರು ನಂಬಲಿಲ್ಲ.

"ಊರಿನ ಜೀವವೆಲ್ಲ ಇದರ ಮೇಲೈತೆ. ನಿನ್ನ ಅಡುಗೆಮನೆ ಜಾಡಿ ಮಾತು ಕೇಳಿ ಇದನ್ನ ಮುಟ್ಲಾ?"

"ಸುರುಳಿ ಮುಟ್ಬೇಡಿ ಮಾವ. ಮುಚ್ಚಳ ತೆಗ್ದು ನೋಡಿ, ಸಾಕು."

ನನ್ನೆದುರೇ ತಾಯಿರೋಧದ ಜಾಡಿ ತೆಗೆದರು. ಎಣ್ಣೆಯ ಕೆಳಗೆ ನೀರು ನಿಂತಿತ್ತು. ತಂತಿಯಲ್ಲದೆ ಆ ನೀರಿನೊಳಗೂ ವಿದ್ಯುತ್ ಕಳ್ಳದಾರಿ ಹಿಡಿದಿತ್ತು, ಅದಕ್ಕೇ ರೋಧ ಕುಗ್ಗಿತ್ತು. ಕೋದಂಡಯ್ಯನವರು ಮುಚ್ಚಳವನ್ನು ಕೆಳಗಿಟ್ಟರು. "ನಮ್ಮಪ್ಪ ಇಲ್ಲೇ ಉಸ್ರು ಕಟ್ಟಿ ಸತ್ನಲ್ಲಮ್ಮಾ," ಎಂದರು.

ಸುರುಳಿ ಒಣಗಿಸಿ ಅಳೆದಾಗ ಹೊರಗೆ ಮನುಷ್ಯ ತಾಳಬಹುದಾದ ಬಿಸಿ ತೋರಿತು. ಆದರೆ ಒಮ್ಮೆ ಸುಳ್ಳಾಡಿದ್ದನ್ನು ಯಾರು ನಂಬುತ್ತಾರೆ? ಸಭೆ ಹೆದರಿತು. ಒಬ್ಬರು ಮಾತ್ರ ಹೋಗಬಹುದು, ಅವರ ಹಿಂದೆ ಒಳಬಾಗಿಲು ಮುಚ್ಚುತ್ತದೆ, ಹೊರಗೆ ಹೋಗಿ ಬದುಕಿ ಬಂದು ತಟ್ಟಿದರೆ ಮಾತ್ರ ಅದು ತೆರೆಯುತ್ತದೆ ಎಂದರು.

"ನಾನೋಯ್ತೀನಿ. ಹೆಂಗೂ ಸಾಯೋನೇ," ಎಂದ ದೇವಸಹಾಯ.

"ಚಕ್ರ ತಿರುಗ್ಸಿ ಹೊರಬಾಗಿಲು ತೆಗ್ಯೋಕೆ ಉಸ್ರೈತಾ ನಿಂಗೆ?" ಎಂದೆ. ನಾನೇ ಹೊರಟೆ.

ಎರಡು ಬಾಗಿಲುಗಳ ನಡುವಿನ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಹೊರಬಾಗಿಲಿನ ಚಕ್ರ ತುಕ್ಕು ಹಿಡಿದಿದೆ. ಎಷ್ಟು ಜಗ್ಗಿದರೂ ಅಲುಗಿಲ್ಲ, ಅಂಗೈ ಸುಲಿದಿದೆ. ನಿಮ್ಮಲ್ಲಿ ಒಂದೇ ಬೇಡಿಕೆ. ಮಕ್ಕಳಿಗೆ ಅಳತೆಯೊಂದನ್ನು ಬಿಟ್ಟುಹೋಗುವುದಾದರೆ ಒಂಟಿಯಾಗಿ ಬಿಡಬೇಡಿ. ಜೊತೆಯಿಲ್ಲದ ಅಳತೆ ತಪ್ಪಿದರೆ, ತಪ್ಪಿತೆಂದು ತಿಳಿಯಲು ಯಾರಿಗೂ ದಾರಿಯಿರುವುದಿಲ್ಲ.

ಬರೆಯುವುದನ್ನು ಬಿಟ್ಟು ಮತ್ತೆ ಜಗ್ಗಿ ಬಂದೆ. ಚಕ್ರ ಒಂದು ಬೆರಳಷ್ಟು ತಿರುಗಿತು. ಸಂದಿಯಿಂದ ಗಾಳಿ ಬರುತ್ತಿದೆ, ತಣ್ಣಗಿದೆ. ಅದರಲ್ಲಿ ಏನೋ ಒಂದು ವಾಸನೆಯಿದೆ. ಅದರ ಹೆಸರು ನಿಮಗೆ ಗೊತ್ತಿರುತ್ತದೆ, ನನಗೆ ಗೊತ್ತಿಲ್ಲ.

ಮರಕತ