ಮೊದಲು ಕುಡಿಸು, ಆಮೇಲೆ ಹೇಳು

ಹಲಸೂರು
೮ ಫೆಬ್ರವರಿ ೨೦೨೬

ನಮ್ಮ ಮನೆಯವರಿಗೆ,

ಗಂಗಾ ಮಾಡುವ ನಮಸ್ಕಾರ. ನಿಮ್ಮ ಹೆಸರು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ, ಲಕೋಟೆಯ ಮೇಲೆ ಮುತ್ತಣ್ಣನೇ ಬರೆಯಲಿ. ನಿಮ್ಮ ಜೊತೆ ಬಾರಿನಲ್ಲಿ ಕೆಲಸ ಮಾಡುವವನು, ಕೈಗೇ ಕೊಡುತ್ತೇನೆ ಎಂದಿದ್ದಾನೆ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲವಲ್ಲ. ಹರಿಯುವ ಮುಂಚೆ ಪೂರ್ತಿ ಓದಿ.

ನೀವು ಮನೆ ಬಿಟ್ಟು ಕೆ.ಆರ್. ಪುರಂಗೆ ಹೋಗಿ ಆರು ತಿಂಗಳಾಯಿತು. ಶುಗರ್ ಇಳಿದು ತೀರಿಕೊಂಡ ಮಾವನ ಮಣ್ಣು ಮುಗಿಸಿ ಬಂದ ದಿನವೇ ಎಲ್ಲರ ಮುಂದೆ ಕೇಳಿದಿರಿ, ‘ನಮ್ಮಪ್ಪ ಬೆವರಿ ಒದ್ದಾಡ್ತಿದ್ರೆ ನೋಡ್ಕೊಂಡು ನಿಂತಿದ್ಯಲ್ಲ, ಒಂದು ಚಮಚ ಸಕ್ಕರೆ ಹಾಕೋಕೆ ನಿನ್ನ ಕೈಗೇನಾಗಿತ್ತು’ ಎಂದು. ಅದಕ್ಕೆ ಉತ್ತರ ಕೊಡಲು ಈ ಕಾಗದ ಬರೆಯುತ್ತಿಲ್ಲ.

ಬರೆಯುತ್ತಿರುವುದು ಕೆಳಗಿನ ಮನೆಯ ನೂರುನ್ನೀಸಾ ಆಂಟಿಗಾಗಿ. ಹೋದ ವಾರ ಅವರಿಗೆ ಶರಬತ್ತಿನ ಬಾಟಲಿ ಕಳುಹಿಸಿದಿರಂತೆ, ಮಾವನಿಗೆ ಮಾಡಿಕೊಡುತ್ತಿದ್ದದ್ದನ್ನೇ. ಸಂತೋಷ, ನಾವು ಊರು ಬಿಟ್ಟು ಬಂದಾಗ ಅನ್ನ ಹಾಕಿದ ಹೆಂಗಸು ಅವರು. ಆದರೆ ಅದರಲ್ಲಿ ಸಕ್ಕರೆ ಇಲ್ಲವೆಂದು ನೀವು ಹೇಳಿಲ್ಲ. ಅದು ನಿಮ್ಮ ಬಾರಿನ ಬುದ್ಧಿ: ಮೊದಲು ಕುಡಿಸು, ಆಮೇಲೆ ಹೇಳು. ಶುಗರ್‌ಫ್ರೀ ಎಂದು ಮೊದಲೇ ಹೇಳಿದರೆ ಗಿರಾಕಿ ಬಾಯಿಗಿಡುವ ಮುಂಚೆಯೇ ಮುಖ ಕಿವುಚುತ್ತಾನೆ, ನಾಲಿಗೆ ಒಪ್ಪಿದ ಮೇಲೆ ಹೇಳಿದರೆ ಇನ್ನೊಂದು ಗ್ಲಾಸ್ ಕೇಳುತ್ತಾನೆ ಎನ್ನುತ್ತಿದ್ದಿರಿ.

ಮನೆಯಲ್ಲೂ ಅದೇ ಆಟ ಆಡಿದಿರಿ. ಭಾನುವಾರ ಬಂತೆಂದರೆ ಸೌತೆಕಾಯಿ, ಪುದೀನ, ನಿಂಬೆಹಣ್ಣು ಹರಡಿಕೊಂಡು ಕೂರುವುದು, ನಿಮ್ಮ ಶರಬತ್ತಿನ ಬಾಟಲಿಯ ಸಿಹಿ ಬೆರೆಸಿ ಸೋಡಾ ಸುರಿಯುವುದು, ಕೊನೆಗೆ ಒಂದು ಮುಚ್ಚಳ ಜಿನ್. ಮಾವ ಗುಟುಕರಿಸಿ, ‘ಇಂದ್ರಾನಗರದ ಸಾವ್ಕಾರ್ರು ಕುಡಿಯೋದು ಇದಾ ಏನೋ ಮಗನಾ’ ಎಂದು ಹಿಗ್ಗುತ್ತಿದ್ದರು. ಶುಗರ್ ಇರುವ ಮುದುಕನಿಗೆ ಇಷ್ಟು ಸಿಹಿಯಾ ಎಂದು ನಾನು ಕೂಗಾಡಿದರೆ ನೀವಿಬ್ಬರೂ ನಗುತ್ತಿದ್ದಿರಿ. ಮಿಕ್ಕ ದಿನ ಜಿನ್ ಇಲ್ಲದೆ ಅರ್ಧ ಲೋಟ. ಆ ನಗು ಕೇಳದೆ ಈ ಒಂದು ರೂಮಿನ ಮನೆ ಬಿಕೋ ಎನ್ನುತ್ತದೆ. ನಿಮ್ಮ ಪುದೀನ ಕುಂಡಕ್ಕೆ ಬೈಯುತ್ತಲೇ ನೀರು ಹಾಕುತ್ತಿದ್ದೇನೆ.

ಇನ್ನು ಹತ್ತು ದಿನಕ್ಕೆ ರಂಜಾನ್. ಆಂಟಿ ಇನ್ಸುಲಿನ್ ತೆಗೆದುಕೊಳ್ಳುವವರು, ಆದರೂ ರೋಜಾ ಬಿಡುವವರಲ್ಲ. ಬೆವರಿ ತಲೆ ಸುತ್ತಿದರೆ ತಕ್ಷಣ ಸಿಹಿ ಕುಡಿಯಿರಿ ಎಂದು ಡಾಕ್ಟರ್ ಹೇಳಿದ್ದಾರಂತೆ. ಅದಕ್ಕೆಂದೇ ನಿಮ್ಮ ಬಾಟಲಿಯನ್ನು ಫ್ರಿಜ್ಜಿನಲ್ಲಿ ಮುಂದಿಟ್ಟುಕೊಂಡಿದ್ದಾರೆ. ಸಕ್ಕರೆ ಇಲ್ಲ ಆಂಟಿ, ಉಪಯೋಗಕ್ಕೆ ಬರಲ್ಲ ಎಂದು ನಾನೇ ಹೇಳಿದೆ. ‘ಇಷ್ಟು ಸ್ವೀಟ್ ಇದೆ, ಶುಗರ್ ಇಲ್ಲ ಅಂತೀಯಲ್ಲ ಬೇಟಿ. ಗಂಡನ ಮೇಲಿನ ಗುಸ್ಸಾ ಬಾಟ್ಲಿ ಮೇಲೆ ತೀರಿಸ್ಕೋತೀಯಾ’ ಎಂದು ನಕ್ಕುಬಿಟ್ಟರು.

ನೀವೇ ಬಂದು ಹೇಳಬೇಕು. ಬಾರಿನಲ್ಲಿ ಪ್ರತಿ ಬಾಟಲಿಗೂ ಟೇಪ್ ಅಂಟಿಸಿ ಹೆಸರು, ತಾರೀಕು ಬರೆಯುತ್ತೀರಲ್ಲ, ಹಾಗೆ ಇದಕ್ಕೂ ಬರೆಯಿರಿ. ನಾನು ಕೇಳುವುದು ಇಷ್ಟೇ.

ನಿಮ್ಮ
ಗಂಗಾ

ತಾ.ಕ.: ಮಡಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇಷ್ಟೇ ಕಳುಹಿಸಿದರೆ ಹೆಂಡತಿಯ ಕೊಂಕು ಎಂದು ನೀವೂ ನಕ್ಕುಬಿಡುತ್ತೀರಿ, ಅಷ್ಟರಲ್ಲಿ ರಂಜಾನ್ ಬಂದಿರುತ್ತದೆ.

ಆ ಶ್ರಾವಣ ಸೋಮವಾರ ಮಾವ ಎಂದಿನಂತೆ ಮಾತ್ರೆ ನುಂಗಿ ಉಪವಾಸ ಕೂತಿದ್ದರು. ಮಧ್ಯಾಹ್ನ ಬೆವರತೊಡಗಿದರು, ಕೈ ನಡುಗಿತು. ಬೆವರಿದರೆ ಸಿಹಿ ಕೊಡು ಎಂದು ನೀವು ಕಲಿಸಿದ್ದು ನೆನಪಿತ್ತು ರೀ. ಸಕ್ಕರೆ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು. ನೀರಾಗಿದ್ದರೆ ನುಂಗಲು ಸುಲಭವೆಂದು ಫ್ರಿಜ್ಜಿನಿಂದ ನಿಮ್ಮ ಬಾಟಲಿ ತೆಗೆದೆ. ಒಂದು ಗುಟುಕು ನಾನೇ ರುಚಿ ನೋಡಿದೆ, ಪಾಯಸದಷ್ಟು ಸಿಹಿ. ಮೊದಲ ಲೋಟ ಮುಗಿಸಿ ಮಾವ, ‘ನನ್ನ ಮಗನ ಕೈ ಛಲೋ ಐತಿ, ಇನ್ನೊಂದೀಟು ಹಾಕವ್ವ’ ಎಂದರು. ಎರಡನೆಯದನ್ನೂ ಕುಡಿಸಿ, ಇನ್ನೇನು ಸರಿಹೋಗುತ್ತಾರೆ ಎಂದು ತಲೆ ಸವರುತ್ತ ಅರ್ಧ ಗಂಟೆ ಕೂತಿದ್ದೆ.

ಅವರ ಎಚ್ಚರ ತಪ್ಪಿದ ಮೇಲೆ ಆಸ್ಪತ್ರೆಗೆ ಸಾಗಿಸಿದೆ. ಅಲ್ಲಿಗೆ ಓಡಿ ಬಂದ ನೀವು ಡಾಕ್ಟರಿಗೆ, ‘ನಾನು ಶರಬತ್ತಿಗೂ ಸಕ್ಕರೆ ಹಾಕಲ್ಲ ಸರ್, ಎಲ್ಲಾ ಶುಗರ್‌ಫ್ರೀ’ ಎಂದಿರಿ. ನನಗೆ ಗೊತ್ತಾದದ್ದು ಆಗಲೇ. ಡಾಕ್ಟರ್ ನನ್ನ ಕಡೆ ತಿರುಗಿ, ಏನಮ್ಮ ಕೊಟ್ಟೆ ಎಂದು ಕೇಳಿದರು. ನಿಮ್ಮ ಮುಖ ನೋಡಿ, ಏನೂ ಕೊಡಲಿಲ್ಲ ಎಂದೆ. ನನ್ನನ್ನು ದ್ವೇಷಿಸಿಕೊಂಡಾದರೂ ನೀವು ಬದುಕುತ್ತೀರಿ, ಇದನ್ನು ಹೊತ್ತುಕೊಂಡು ಬದುಕಲಾರಿರಿ ಎನ್ನಿಸಿತ್ತು.

ಆಂಟಿಗೆ ಹೇಳಲು ಬಂದಾಗ ಮೇಲೂ ಹತ್ತಿ ಬನ್ನಿ. ಇದನ್ನು ಓದಿ ಒಬ್ಬರೇ ಕೂರಬೇಡಿ.