ಹೆರಿಗಿ ದವಾಖಾನಿಯ ಗಂಟು

ಕಲಬುರಗಿ, ಮಂಗಳವಾರ

ಕಮಲಾಪುರದ ಅಕ್ಕಗ ತಮ್ಮ ದೌಲಪ್ಪನ ಶರಣು.

ನಮ್ಮ ಕಚೇರಿ ಸಾಹೇಬ್ರು ಹೆರಿಗಿ ದವಾಖಾನಿ ಎಲ್ಲಿ ಕಟ್ಟಬೇಕಂತ ಲೆಕ್ಕದಿಂದ ಹುಡುಕ್ಯಾರ. ಮೇಜಿನ ಮ್ಯಾಲ ನಕ್ಷೆ ಹಾಸಿ, ಓಣಿಗೊಂದು ತೂತು ಕೊರದು, ದಾರ ಮೇಜಿನ ಕೆಳಗ ಇಳಿಬಿಟ್ಟು, ಜನ ಎಷ್ಟೋ ಅಷ್ಟು ತೂಕದ ಗುಂಡು ಕಟ್ಟಿಸಿದ್ರು. ದಾರದ ಮ್ಯಾಲಿನ ತುದಿ ಎಲ್ಲಾ ಕೂಡಿಸಿ ಒಂದು ಗಂಟು. ಗುಂಡೆಲ್ಲಾ ತಮ್ಮ ತಮ್ಮ ಕಡೆ ಜಗ್ಗಿ ಗಂಟು ನಿಂತಲ್ಲಿ ದವಾಖಾನಿ!

ಆದ್ರ ಮಂದಿ ಮನಿ ಹೆಣ್ಮಕ್ಕಳ ಸುದ್ದಿ ಕೇಳೋದು ಮರ್ಯಾದಿ ಅಲ್ಲಂತ ಕಾರಕೂನರು ಬರೀ ಗಂಡಸರನ್ನ ಎಣಿಸ್ಯಾರ. ಎಲ್ಲಕ್ಕಿಂತ ಹೆಚ್ಚು ಗಂಡಸರು ಒಂದೇ ಕಡೆ ಇರೋದು ಜೈಲಿನಾಗ; ಅದನ್ನೂ ಒಂದು ಓಣಿ ಅಂತ ಹಿಡಿದಿದ್ರು, ಅದರ ಗುಂಡೇ ಭಾರ. ಕೈ ಬಿಟ್ಟಿದ್ದೇ ತಡ, ಗಂಟು ಸರ್ರಂತ ಹೋಗಿ ಜೈಲಿನ ತೂತಿಗೆ ಸಿಕ್ಕೊಂತು.

"ಸಾಹೇಬ್ರ, ಅಲ್ಲಿ ಹಡಿಯೋರು ಯಾರ್ರೀ?" ಅಂದೆ.

"ಲೆಕ್ಕ ಸುಳ್ಳು ಹೇಳಂಗಿಲ್ಲ, ಸುಮ್ನಿರು" ಅಂದ್ರು. ನಾಳಿ ಜೈಲಿನ ಅಂಗಳದಾಗೇ ಪಾಯಾ ತೋಡ್ತಾರ.

ನಾ ಆರಾಮ ಇದ್ದೀನಿ. ನಿನಗ ಒಂಬತ್ತು ತುಂಬಲಿಕ್ಕೆ ಬಂತು, ಸೂಲಗಿತ್ತಿ ಬಂಡೆಮ್ಮನ್ನ ಈಗಲೇ ಕರಸಿ ಮನ್ಯಾಗ ಇಟ್ಕೋ. ಕಾರ್ಡಿನಾಗ ಜಾಗ ಮುಗೀತು. ಸರಕಾರಿ ದವಾಖಾನ್ಯಾಗೇ ಹಡೀಬೇಕಂತಿದ್ರ, ಮೊದಲು ಎಲ್ಲ್ಯಾದ್ರೂ ಕಳವು ಮಾಡಿ ಸಿಕ್ಕೊಂಡು ಬಾ.