ಕೇಳದ ಗಂಟಿಗೆ ಸೊನ್ನೆ ಅಂಕ

ವೈದ್ಯಕೀಯ ಕಾಲೇಜಿನ ಪರೀಕ್ಷಾ ನಿಯಂತ್ರಕರಿಗೆ,

ಮಾನ್ಯರೇ, ತೊಡೆಯ ಗಂಟು ಮುಟ್ಟಿ ನೋಡಿದ ತಪ್ಪಿಗೆ ತಾವು ಒಬ್ಬ ವಿದ್ಯಾರ್ಥಿನಿಯನ್ನು ಫೇಲು ಮಾಡಿದ್ದೀರಿ. ಆ ತೊಡೆ ನನ್ನದು. ಆದ್ದರಿಂದ ಎರಡು ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬಲ ಮಣಿಕಟ್ಟಿನ ಮೇಲೆ ಗೋಲಿಯಷ್ಟು ದಪ್ಪದ ನೀರುಗಂಟು. ಯಾರೋ ಹೇಳಿದರೆಂದು ದಪ್ಪ ನಿಘಂಟಿನಿಂದ ನಾನೇ ಹೊಡೆದುಕೊಂಡೆ. ಗಂಟು ಮಾಯವಾಗಿ ಆರು ತಿಂಗಳಿಗೆ ಮರಳಿ ಬಂತು, ನಿಘಂಟಿಗೆ ಹೊಸ ರಟ್ಟು ಕಟ್ಟಬೇಕಾಯಿತು. ಅದನ್ನು ತೋರಿಸಲು ತಮ್ಮ ಆಸ್ಪತ್ರೆಗೆ ಬಂದೆ; ಅಂದಿನಿಂದ ನಾಲ್ಕು ವರ್ಷ ತಮ್ಮ ವಿದ್ಯಾರ್ಥಿಗಳ ಪರೀಕ್ಷೆಗೆ ನಾನೇ ಕಾಯಂ ರೋಗಿ. ಮಕ್ಕಳು ಬರುವುದು, ಒತ್ತುವುದು, ಟಾರ್ಚು ಹಿಡಿದು ಬೆಳಕು ಹಾಯುತ್ತದೆಯೇ ಎಂದು ನೋಡುವುದು. ತಡವರಿಸಿದವರಿಗೆ "ಬೆಳಕು ಹಾಯತ್ತಪ್ಪಾ" ಎಂದು ನಾನೇ ಪಿಸುಗುಟ್ಟುತ್ತಿದ್ದೆ. ಅವರು ನನ್ನನ್ನು ಪ್ರೊಫೆಸರ್ ಗಂಟಣ್ಣ ಎನ್ನುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಗಂಟು, ಅಂಗಿಯ ತೋಳು ಮಡಚಿಕೊಂಡೇ ಬೀದಿಯಲ್ಲಿ ಓಡಾಡಿದೆ.

ಆ ಹುಡುಗಿ ಮಾತ್ರ ಕೇಳಿದಳು: "ಬೇರೆ ಎಲ್ಲಾದ್ರೂ ಗಂಟಿದೆಯಾ ಅಂಕಲ್?" ನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ತೊಡೇಲೊಂದಿದೆಯಮ್ಮ. ಇದರ ಅಣ್ಣ. ನೋವೇನಿಲ್ಲ" ಎಂದೆ.

ಅವಳು ಪರದೆ ಎಳೆದಳು, ತೊಡೆ ಬಿಗಿಹಿಡಿಯಲು ಹೇಳಿ ಒತ್ತಿ ನೋಡಿದಳು, ಟೇಪು ಹಿಡಿದು ಅಳೆದಳು. ಏಳು ಸೆಂಟಿಮೀಟರ್. ಅಷ್ಟರಲ್ಲಿ ಬೆಲ್ಲು ಹೊಡೆಯಿತು, ಮಣಿಕಟ್ಟು ನೋಡದೆಯೇ ಉಳಿಯಿತು. "ಕೇಳಿದ್ದೇನು, ನೋಡಿದ್ದೇನಮ್ಮ?" ಎಂದರು ಪರೀಕ್ಷಕರು. ಅವರೊಂದಿಗೆ ನಾನೂ ಹಲ್ಲು ಕಿರಿದೆ. ಹೊರಡುವಾಗ ಅವಳು ತಗ್ಗಿದ ದನಿಯಲ್ಲಿ, "ಇದು ಅದರ ಅಣ್ಣ ಅಲ್ಲ ಅಂಕಲ್. ಆಳದಲ್ಲಿದೆ, ದೊಡ್ಡದಿದೆ. ಈ ವಾರಾನೇ ತೋರಿಸಿ" ಎಂದಳು.

ಫೇಲಾದವಳ ಮಾತನ್ನು ಪ್ರೊಫೆಸರ್ ಕೇಳುವುದುಂಟೇ? ಮೂರು ವಾರ ಕಳೆದ ಮೇಲೆ ಹೆಂಡತಿ ದಬ್ಬಿಕೊಂಡು ಆಸ್ಪತ್ರೆಗೆ ಕರೆತಂದಳು. ಕ್ಯಾನ್ಸರ್. ಇನ್ನೂ ತಡಮಾಡಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದರು ಆಪರೇಷನ್ ಮಾಡಿದ ವೈದ್ಯರು. ಅಂದು ನಕ್ಕದ್ದು ನೆನಪಾಗಿ ವಾರ್ಡಿನ ಮಂಚದ ಮೇಲೆ ನನಗೆ ಅಳು ಬಂತು.

ಈಗ ತಮ್ಮ ಕಚೇರಿಯಿಂದ ಫೋನು: ಸೋಮವಾರ ಅವಳ ಮರುಪರೀಕ್ಷೆ, ಮಣಿಕಟ್ಟಿನ ಗಂಟಿನೊಂದಿಗೆ ನಾನು ಹಾಜರಾಗಬೇಕಂತೆ. ನನ್ನ ಕಾಲು ಉಳಿಸಿದವಳು ಇನ್ನೇನು ಮಾಡಿ ತೋರಿಸಬೇಕು ಸ್ವಾಮಿ? ಅವಳನ್ನು ಪಾಸು ಮಾಡಿ. ನಿಯಮ ಬಿಡದು ಎನ್ನುವಿರಾದರೆ ಊರುಗೋಲು ಹಿಡಿದು ಬಂದೇ ಬರುತ್ತೇನೆ. ಆದರೆ ಮೊದಲು ತಮ್ಮ ಪರೀಕ್ಷಕರು ನನ್ನ ತೊಡೆಯ ಮೇಲಿನ ಗೇಣುದ್ದದ ಹೊಲಿಗೆ ನೋಡಿ, ಅಲ್ಲಿ ಏನಿತ್ತು, ಕಂಡುಹಿಡಿದವರು ಯಾರು ಎಂದು ಅವಳೆದುರೇ ಹೇಳಲಿ. ಅವರು ತಡವರಿಸಿದರೆ ಈ ಸಲ ನಾನು ಪಿಸುಗುಟ್ಟುವುದಿಲ್ಲ.

ಇಂತಿ,
ಸಣ್ಣ ಗಂಟಿನಿಂದ ದೊಡ್ಡವನಾಗಿ, ದೊಡ್ಡ ಗಂಟಿನಿಂದ ಬುದ್ಧಿ ಕಲಿತ
ಮಾಜಿ ಪ್ರೊಫೆಸರ್ ಗಂಟಣ್ಣ